ಚಕ್ಕುಬಂದಿಯಲ್ಲಿ ಹೊಳೆ

"ಅಜ್ಜ, ಒಂದು ಲಾಡ್ಜು ಮಾರಾಟಕ್ಕಿದೆಯಂತೆ. ತಗೋತೀರಾ?"

ಹೀಗೆ ಕೇಳಿದವನು ನನ್ನ ಮೊಮ್ಮಗ. ವಯಸ್ಸು ಹತ್ತು. ಕಳೆದ ಬೇಸಿಗೆಯಲ್ಲಿ ನಾನೂ ನಮ್ಮ ಮನೆಯವರೂ ಅಮೆರಿಕದ ಮಿಷಿಗನ್ ರಾಜ್ಯದಲ್ಲಿ, ಡೆಟ್ರಾಯಿಟ್ ಹತ್ತಿರದ ಮಗನ ಮನೆಯಲ್ಲಿ ನಾಲ್ಕು ತಿಂಗಳು ಇದ್ದೆವು. ಆಗಿನ ಮಾತು ಇದು. ಲಾಡ್ಜು ಅಂದ ಕೂಡಲೇ ನನ್ನ ಕಣ್ಣಿಗೆ ಬಂದದ್ದು ಬಸ್ ಸ್ಟ್ಯಾಂಡ್ ಎದುರಿನ ಮೂರಂತಸ್ತಿನ ಕಟ್ಟಡ, ಮೆಟ್ಟಿಲ ಮೂಲೆಯ ಎಲೆಯಡಿಕೆ ಕಲೆ, ಬಕೆಟ್ಟಿನಲ್ಲಿ ಬಿಸಿನೀರು. ವರ್ಗವಾಗಿ ಹೊಸ ಊರಿಗೆ ಹೋದಾಗಲೆಲ್ಲ ಬಾಡಿಗೆ ಮನೆ ಸಿಗುವ ತನಕ ಅಂಥ ಲಾಡ್ಜುಗಳಲ್ಲಿ ತಿಗಣೆಗಳ ಜೊತೆ ಎಷ್ಟು ರಾತ್ರಿ ಕಳೆದಿದ್ದೇನೋ ಲೆಕ್ಕವಿಲ್ಲ. "ಬೇಡಪ್ಪ, ನನಗೆ ಪೆನ್ಷನ್ನೇ ಸಾಕು" ಅಂದೆ.

ಅವನು ಪೇಪರನ್ನು ನನ್ನ ಮುಂದೆ ಹಿಡಿದ. ಚಿತ್ರದಲ್ಲಿದ್ದದ್ದು ಪೈನ್ ದಿಮ್ಮಿಗಳನ್ನು ಒಂದರ ಮೇಲೊಂದು ಜೋಡಿಸಿ ಕಟ್ಟಿದ ಹಳೆಯ ಮನೆ. ಕಲ್ಲಿನ ಹೊಗೆಗೂಡು, ಮುಂದೆ ದೋಣಿಮನೆ, ಅದರ ಕೆಳಗೆ ಕಡುಗಂದು ಬಣ್ಣದ ಹೊಳೆ. ನದಿ ದಂಡೆಯ ಖಾಸಗಿ ಮೀನುಗಾರಿಕೆ ಎಸ್ಟೇಟು, ಐತಿಹಾಸಿಕ ಲಾಡ್ಜ್ ಸಮೇತ ಮಾರಾಟಕ್ಕಿದೆ, ಭಾನುವಾರ ಯಾರು ಬೇಕಾದರೂ ಬಂದು ನೋಡಬಹುದು ಎಂದಿತ್ತು. ಅಲ್ಲಿ ಲಾಡ್ಜ್ ಎಂದರೆ ಇದು: ಶ್ರೀಮಂತರು ಬೇಟೆಗೋ ಮೀನು ಹಿಡಿಯುವುದಕ್ಕೋ ಬಂದು ಉಳಿಯಲು ಕಟ್ಟಿಸಿಕೊಂಡ ಕಾಡಿನ ಬಿಡಾರ. ಬೆಲೆಯ ಅಂಕಿಗಳನ್ನು ಬೆರಳಿನಲ್ಲಿ ಎಣಿಸಿದೆ. ಏಳು, ಅದೂ ಡಾಲರಿನಲ್ಲಿ. ಇನ್ನೊಂದು ವಿಷಯ ನನ್ನ ಗುಮಾಸ್ತ ಕಣ್ಣಿಗೆ ಬಿತ್ತು. ನಮ್ಮಲ್ಲಿ ಎಕರೆ, ಗುಂಟೆ ಅಂತ ಮೊದಲು ಹೇಳುತ್ತೇವೆ. ಅಲ್ಲಿ ಎಕರೆಗಿಂತ ದೊಡ್ಡ ಅಕ್ಷರದಲ್ಲಿ ಹಾಕಿದ್ದದ್ದು ಹೊಳೆಗೆ ಮುಖ ಮಾಡಿದ ದಡ ಎಷ್ಟು ಅಡಿ ಉದ್ದ ಎಂಬುದನ್ನು.

ಕೊಳ್ಳುವ ಯೋಗ್ಯತೆ ಇಲ್ಲದಿದ್ದರೂ ನೋಡುವುದಕ್ಕೆ ದುಡ್ಡು ಕೊಡಬೇಕಿಲ್ಲವಲ್ಲ. ಭಾನುವಾರ ಬೆಳಗ್ಗೆ ಮೊಸರನ್ನ ಕಟ್ಟಿಕೊಂಡು ಹೊರಟೆವು.

ಡೆಟ್ರಾಯಿಟ್‌ನಿಂದ ಉತ್ತರಕ್ಕೆ ಸುಮಾರು 320 ಕಿಲೋಮೀಟರ್ ಹೋದರೆ ಗ್ರೇಲಿಂಗ್ ಎಂಬ ಸಣ್ಣ ಊರು. ಔ ಸಾಬಲ್ ನದಿ ಆ ಊರನ್ನು ಹಾದು ಪೂರ್ವಕ್ಕೆ ಹರಿದು ಹ್ಯೂರಾನ್ ಎಂಬ ಸಮುದ್ರದಂಥ ಸರೋವರ ಸೇರುತ್ತದೆ. ಹೆಸರು ಫ್ರೆಂಚರದು, ಮರಳಿನ ನದಿ ಎಂದು ಅರ್ಥ. ಸುತ್ತಲೂ ಮರಳು ನೆಲ. ಮಳೆ, ಹಿಮದ ನೀರೆಲ್ಲ ಅದರೊಳಗೆ ಇಳಿದು, ತಣ್ಣಗಾಗಿ, ವರ್ಷವಿಡೀ ಒಂದೇ ಸಮನೆ ಒಸರುತ್ತಿರುತ್ತದೆ. ಅದಕ್ಕೇ ಬೇಸಿಗೆಯಲ್ಲೂ ನೀರು ಬಿಸಿಯಾಗುವುದಿಲ್ಲ. ತಣ್ಣೀರನ್ನೇ ಬಯಸುವ ಟ್ರೌಟ್ ಮೀನಿಗೆ ಇದಕ್ಕಿಂತ ಬೇರೆ ಸ್ವರ್ಗ ಬೇಕಿಲ್ಲ.

ಪುಟಾಣಿಗಳೇ, ಈಗ ಒಂದು ಒಗಟು. ಗ್ರೇಲಿಂಗ್ ಎನ್ನುವುದು ಊರಿನ ಹೆಸರೂ ಹೌದು, ಒಂದು ಮೀನಿನ ಹೆಸರೂ ಹೌದು. ಬೆನ್ನ ಮೇಲೆ ಹಾಯಿಯಂತೆ ಅಗಲವಾದ ರೆಕ್ಕೆಯಿರುವ ಚೆಂದದ ಮೀನು. 1870ರ ದಶಕದಲ್ಲಿ ಈ ಮೀನಿನಿಂದಲೇ ಊರಿಗೆ ಹೆಸರು ಬಂತು. ಆದರೆ ಗ್ರೇಲಿಂಗ್ ಊರಿನ ಹೊಳೆಯಲ್ಲಿ ಗ್ರೇಲಿಂಗ್ ಮೀನು ಇಲ್ಲ! ಎಲ್ಲಿ ಹೋಯಿತು?

ಉತ್ತರ ಮರದಲ್ಲಿದೆ. ಆ ಕಾಲದಲ್ಲಿ ಮಿಷಿಗನ್ ತುಂಬ ಆಕಾಶಕ್ಕೆ ಮುಟ್ಟುವ ಬಿಳಿ ಪೈನ್ ಮರಗಳಿದ್ದವು. ಷಿಕಾಗೋದಂಥ ಪಟ್ಟಣಗಳು ಬೆಳೆದದ್ದು ಈ ಮರದಿಂದ. ಚಳಿಗಾಲದಲ್ಲಿ ಕಡಿದು, ಹಿಮದ ಮೇಲೆ ಜಾರಿಸಿ ತಂದು ಹೊಳೆ ದಂಡೆಯಲ್ಲಿ ರಾಶಿ ಹಾಕುವುದು. ವಸಂತದಲ್ಲಿ ಹಿಮ ಕರಗಿ ನೀರು ಏರಿದಾಗ ದಿಮ್ಮಿಗಳನ್ನು ಉರುಳಿಸಿಬಿಡುವುದು. ಎಲ್ಲ ಕಂಪನಿಗಳ ದಿಮ್ಮಿಗಳೂ ಒಂದೇ ಹೊಳೆಯಲ್ಲಿ ಬೆರೆತು ತೇಲುತ್ತಿದ್ದುದರಿಂದ ಪ್ರತಿ ದಿಮ್ಮಿಯ ತುದಿಗೂ ಸುತ್ತಿಗೆಯಿಂದ ಕಂಪನಿಯ ಗುರುತು ಒತ್ತುತ್ತಿದ್ದರು. ಆ ಗುರುತುಗಳನ್ನು ಸರ್ಕಾರಿ ಕಚೇರಿಯಲ್ಲಿ ನೋಂದಾಯಿಸಬೇಕಿತ್ತು. ಕೆಳಗೆ ನದಿ ಮುಖದಲ್ಲಿ ಗುರುತು ನೋಡಿ ಬೇರ್ಪಡಿಸುತ್ತಿದ್ದರು. ಮೂವತ್ತೈದು ವರ್ಷ ಚೆಕ್ಕುಗಳ ಮೇಲೆ ಮೊಹರು ಒತ್ತಿದ ನನಗೆ ಈ ಕ್ಲಿಯರಿಂಗ್ ಪದ್ಧತಿ ತುಂಬ ಹಿಡಿಸಿತು.

ಗ್ರೇಲಿಂಗಿಗೆ ಹಿಡಿಸಲಿಲ್ಲ. ಅದು ಮೊಟ್ಟೆಯಿಡುವುದು ವಸಂತದಲ್ಲಿ, ಹೊಳೆ ತಳದ ಸಣ್ಣ ಕಲ್ಲುಗಳ ನಡುವೆ. ಸರಿಯಾಗಿ ಅದೇ ಹೊತ್ತಿಗೆ ಸಾವಿರಾರು ದಿಮ್ಮಿಗಳು ತಳವನ್ನು ಉಜ್ಜಿಕೊಂಡು ಹೋಗುತ್ತಿದ್ದವು. ಮರವಿಲ್ಲದ ದಡ ಕುಸಿದು ಮರಳು ಬಂದು ಕಲ್ಲುಗಳನ್ನು ಮುಚ್ಚಿತು. ಸಾಲದ್ದಕ್ಕೆ ರೈಲು ಬಂತು. ರೈಲಿನಲ್ಲಿ ಪಟ್ಟಣದ ಮೀನುಗಾರರು ಬಂದರು, ತಿನ್ನಲಾಗದಷ್ಟು ಹಿಡಿದು ದಡದಲ್ಲಿ ಕೊಳೆಯಲು ಬಿಟ್ಟರು. ಹೊರಗಿನಿಂದ ತಂದು ಬಿಟ್ಟ ಟ್ರೌಟ್ ಮೀನುಗಳೂ ಜಾಗಕ್ಕೆ ಪೈಪೋಟಿ ನಡೆಸಿದವು. 1930ರ ದಶಕದ ಹೊತ್ತಿಗೆ ಮಿಷಿಗನ್ನಿನಲ್ಲಿ ಗ್ರೇಲಿಂಗ್ ಮುಗಿಯಿತು. ಈಗ ಅಲಾಸ್ಕದ ಮೂಲದ ಮೊಟ್ಟೆಗಳಿಂದ ಮತ್ತೆ ಬೆಳೆಸುವ ಪ್ರಯತ್ನ ನಡೆದಿದೆ. 2025ರಲ್ಲಿ ಆ ರಾಜ್ಯದ ಕೆಲವು ನದಿಗಳಿಗೆ ಮೊಟ್ಟೆ ಹಾಕಿದ್ದಾರೆ. ನೋಡಬೇಕು.

ಅಂದರೆ ಇವತ್ತು ಔ ಸಾಬಲ್‌ನಲ್ಲಿ ಜನ ಹಿಡಿಯುವ ಟ್ರೌಟ್ ಮೀನೆಲ್ಲ ವಲಸೆ ಬಂದವು. ಕಂದು ಟ್ರೌಟ್ ಜರ್ಮನಿಯದು, ರೇನ್‌ಬೋ ಟ್ರೌಟ್ ಕ್ಯಾಲಿಫೋರ್ನಿಯ ಕಡೆಯದು. "ನಮ್ಮ ಹಾಗೆ" ಎಂದ ಮಗ. "ಅವಕ್ಕೆ ವೀಸಾ ತಾಪತ್ರಯ ಇಲ್ಲ" ಎಂದಳು ಸೊಸೆ.

ಲಾಡ್ಜಿಗೆ ಬಂದೆವು. ನಮ್ಮ ಹಾಗೆಯೇ ಬರೀ ನೋಡುವುದಕ್ಕೆ ಬಂದ ಏಳೆಂಟು ಜನ ಇದ್ದರು. ಒಳಗೆ ಮೇಣ, ಹೊಗೆ, ಹಳೆಯ ಉಣ್ಣೆಯ ವಾಸನೆ. ಗೋಡೆಯ ಮೇಲೆ ಹಲಗೆಯಲ್ಲಿ ಕೊರೆದ ಮೀನಿನ ಆಕಾರಗಳು. ದೊಡ್ಡ ಮೀನು ಸಿಕ್ಕರೆ ಅದರ ಸುತ್ತ ಪೆನ್ಸಿಲ್ ಎಳೆದು ಅಳತೆ ಉಳಿಸಿಕೊಳ್ಳುವ ರೂಢಿಯಂತೆ. ಮೇಜಿನ ಮೇಲೆ ಒಂದು ದಪ್ಪ ರಿಜಿಸ್ಟರ್. ನಾನು ಬೇರೆಲ್ಲವನ್ನೂ ಬಿಟ್ಟು ಅದರ ಮುಂದೆ ಕೂತೆ.

ತಾರೀಖು, ಹವೆ, ಹಿಡಿದವರ ಹೆಸರು, ಎಷ್ಟು ಮೀನು, ಎಷ್ಟು ಉದ್ದ, ಯಾವ ಹುಳದ ನಮೂನೆಯ ಗಾಳ. ನಮ್ಮ ಡೇ ಬುಕ್ಕಿನ ಹಾಗೆಯೇ ಗೆರೆ ಎಳೆದ ಕಾಲಂಗಳು. ಹಿಂದಿನ ಪುಟಗಳಲ್ಲಿ ಬರೀ ಹಿಡಿದ ಲೆಕ್ಕ. ಮುಂದೆ ಮುಂದೆ ಬರುತ್ತ ಇನ್ನೊಂದು ಕಾಲಂ ಹುಟ್ಟಿಕೊಂಡಿತ್ತು: "ಬಿಟ್ಟದ್ದು". ಗ್ರೇಲಿಂಗ್ ಊರಿನ ಕೆಳಗೆ ಈ ನದಿಯ ಒಂದು ಭಾಗಕ್ಕೆ ಜನ "ಪವಿತ್ರ ಜಲ" ಎಂದೇ ಕರೆಯುತ್ತಾರೆ. ಅಲ್ಲಿ ಕೃತಕ ಹುಳದ ಗಾಳ ಮಾತ್ರ ಹಾಕಬಹುದು, ಹಿಡಿದ ಮೀನನ್ನು ಬಿಡಲೇಬೇಕು. ಶೃಂಗೇರಿಯ ದೇವರ ಮೀನುಗಳಿಗೆ ಮಂಡಕ್ಕಿ ಹಾಕಿ ಬೆಳೆದ ನಮ್ಮ ಮನೆಯವರಿಗೆ ಪವಿತ್ರ ಜಲ ಅರ್ಥವಾಯಿತು, ಉಳಿದದ್ದು ಅರ್ಥವಾಗಲಿಲ್ಲ. "ಬಿಡೋದೇ ಆದರೆ ಬಾಯಿಗೆ ಕೊಕ್ಕೆ ಚುಚ್ಚಿ ಹಿಡಿಯೋದು ಯಾಕೆ?" ಅಂದರು. ನನ್ನ ಹತ್ತಿರ ಉತ್ತರವಿರಲಿಲ್ಲ. ಈಗಲೂ ಇಲ್ಲ.

ರಿಜಿಸ್ಟರಿನ ಕೊನೆಯ ಕಡೆ ಮಕ್ಕಳ ಕೈಬರಹದಲ್ಲಿ ಒಂದು ದಾಖಲೆ ಇತ್ತು. "ಮೀನು ಇಲ್ಲ. ನೀರುನಾಯಿ ನೋಡಿದೆವು." ಮೊಮ್ಮಗ ಅದನ್ನು ಎರಡು ಸಲ ಓದಿದ.

"ಅದು ನನ್ನ ಮಗಳು ಬರೆದದ್ದು" ಎಂದು ಹಿಂದಿನಿಂದ ಧ್ವನಿ ಬಂತು. ಮನೆಯ ಒಡತಿ. ನನಗಿಂತ ನಾಲ್ಕು ವರ್ಷ ದೊಡ್ಡವರು. ಲಾಡ್ಜನ್ನು ಅವರ ತಾತ ಕಟ್ಟಿಸಿದ್ದು. ಮಕ್ಕಳು ಮೂರು ರಾಜ್ಯಗಳಲ್ಲಿದ್ದಾರೆ, ಯಾರಿಗೂ ಬರಲು ಪುರುಸೊತ್ತಿಲ್ಲ; ಮಾಡು ಸೋರುತ್ತದೆ, ತೆರಿಗೆ ಕಟ್ಟಬೇಕು, ಚಳಿಗಾಲದಲ್ಲಿ ಒಬ್ಬರೇ ಇರಲಾಗದು. ಈ ಕಥೆಯನ್ನು ಕೇಳಲು ಮಿಷಿಗನ್ನಿಗೆ ಹೋಗಬೇಕಿರಲಿಲ್ಲ ಅಂದುಕೊಂಡೆ. ನಮ್ಮ ಮಲೆನಾಡಿನ ಯಾವ ತೋಟದ ಮನೆಯಲ್ಲಿ ಕೇಳಿದರೂ ಇದೇ.

ನಾನು ಬ್ಯಾಂಕಿನವನು ಎಂದು ತಿಳಿದ ಮೇಲೆ ಅವರು ಕಾಗದಗಳನ್ನೇ ತೋರಿಸಿದರು. ಆಗ ನನಗೆ ನಿಜವಾದ ಪ್ರಶ್ನೆ ಹುಟ್ಟಿತು. ಇಷ್ಟು ದುಡ್ಡಿಗೆ ಇಲ್ಲಿ ಮಾರುತ್ತಿರುವುದು ಏನನ್ನು? ಹೊಳೆಯನ್ನೇ?

ದೇಶಕ್ಕೊಂದು ಉತ್ತರ ಇದಕ್ಕೆ. ಸ್ಕಾಟ್ಲೆಂಡಿನಲ್ಲಿ ಸಾಲ್ಮನ್ ಮೀನು ಹಿಡಿಯುವ ಹಕ್ಕೇ ಒಂದು ಪ್ರತ್ಯೇಕ ಆಸ್ತಿ. ದಡದ ಜಮೀನು ಒಬ್ಬರದ್ದು, ಮೀನಿನ ಹಕ್ಕು ಇನ್ನೊಬ್ಬರದ್ದು ಇರಬಹುದು. ನಮ್ಮ ಕರ್ನಾಟಕದಲ್ಲಿ 1964ರ ಭೂಕಂದಾಯ ಕಾಯ್ದೆಯ ಪ್ರಕಾರ ನದಿ, ಹಳ್ಳ, ಕೆರೆಗಳ ತಳವೆಲ್ಲ ಸರ್ಕಾರದ ಸ್ವತ್ತು. ಮಿಷಿಗನ್ನಿನಲ್ಲಿ ಇಂಥ ಹೊಳೆಯ ಒಂದು ದಡ ನಿಮ್ಮದಾದರೆ ನೀರಿನ ಕೆಳಗಿನ ನೆಲ ನಡುಹೊಳೆಯ ತನಕ ನಿಮ್ಮದು; ಎರಡೂ ದಡ ನಿಮ್ಮದಾದರೆ ತಳ ಪೂರ್ತಿ ನಿಮ್ಮದು. ಹಾಗಾದರೆ ಹೊಳೆಯಲ್ಲಿ ಕಾಲಿಟ್ಟವನನ್ನು ಓಡಿಸಬಹುದೇ?

ಅದೇ ರಾಜ್ಯದಲ್ಲಿ ಪೈನ್ ನದಿ ಎಂಬುದೊಂದಿದೆ. ಅದರ ಎರಡೂ ದಡದ ಒಡೆಯ ಕಾಲಿನ್ಸ್ ಎಂಬವರು ಹೊರಗಿನವರು ಬರಕೂಡದು ಎಂದರು. ಗೆರ್‌ಹಾರ್ಟ್ ಎಂಬವರು ಹೊಳೆಯೊಳಗೇ ನಡೆದುಕೊಂಡು ಬಂದು ಗಾಳ ಹಾಕಿದರು. ಅತಿಕ್ರಮ ಪ್ರವೇಶದ ದಾವೆ ಬಿತ್ತು. 1926ರಲ್ಲಿ ಮಿಷಿಗನ್ ಸುಪ್ರೀಂ ಕೋರ್ಟ್ ಹೇಳಿದ್ದು: ತಳ ಒಡೆಯನದ್ದೇ ಇರಲಿ, ನದಿ ಸಂಚಾರಯೋಗ್ಯವಾದರೆ ಅದರಲ್ಲಿ ಮೀನು ಹಿಡಿಯುವ ಹಕ್ಕು ಸಾರ್ವಜನಿಕರಿಗೆ ಇದ್ದೇ ಇದೆ. ನೀರಿನಲ್ಲಿ ನಡೆಯಬಹುದು, ತೇಲಬಹುದು. ಒಡೆಯನ ದಡ ಹತ್ತುವಂತಿಲ್ಲ, ಅಷ್ಟೆ.

ಸಂಚಾರಯೋಗ್ಯ ಎಂದು ತೀರ್ಮಾನಿಸುವುದು ಹೇಗೆ ಗೊತ್ತೆ? ಹಡಗು ಹೋಗಬೇಕಾಗಿಲ್ಲ. ಮರದ ದಿಮ್ಮಿ ತೇಲಿಸಲು ಬಂದರೆ ಸಾಕು, ಆ ನದಿ ಎಲ್ಲರ ಹೆದ್ದಾರಿ ಎಂದು ಅದೇ ಕೋರ್ಟು 1853ರಲ್ಲೇ ಹೇಳಿತ್ತು. ಆಗ ಅದು ಮರದ ಕಂಪನಿಗಳಿಗೆ ಅನುಕೂಲವಾದ ಮಾತು. ಎಪ್ಪತ್ತು ವರ್ಷದ ಮೇಲೆ ಅದೇ ಮಾತು ಗಾಳ ಹಿಡಿದ ಬಡವನಿಗೂ ಬಂತು. ಯಾವ ದಿಮ್ಮಿಗಳು ಗ್ರೇಲಿಂಗಿನ ವಂಶ ತೊಳೆದುಹಾಕಿದವೋ ಅವೇ ದಿಮ್ಮಿಗಳು ಹೊಳೆಗೆ ಬೇಲಿ ಬೀಳದಂತೆ ಕಾದವು. ಈ ಜಮಾ-ಖರ್ಚನ್ನು ಯಾವ ಕಡೆಗೆ ಬರೆಯುವುದೋ ನನಗೆ ತಿಳಿಯಲಿಲ್ಲ.

ಪ್ರತಿ ಜುಲೈ ಕೊನೆಯಲ್ಲಿ ಗ್ರೇಲಿಂಗಿನಿಂದ ಹ್ಯೂರಾನ್ ಸರೋವರದ ತನಕ ದೋಣಿ ಓಟದ ಸ್ಪರ್ಧೆ ನಡೆಯುತ್ತದೆ. 120 ಮೈಲಿ. ರಾತ್ರಿ ಒಂಬತ್ತಕ್ಕೆ ಶುರು; ಇಬ್ಬಿಬ್ಬರು ಒಂದೊಂದು ದೋಣಿಯಲ್ಲಿ ಕತ್ತಲಲ್ಲೇ ಹುಟ್ಟು ಹಾಕುತ್ತ ಹೋಗುತ್ತಾರೆ. ಗೆಲ್ಲುವವರಿಗೇ ಸುಮಾರು 14 ಗಂಟೆ ಹಿಡಿಯುತ್ತದೆ. ಎಷ್ಟೋ ಲಕ್ಷಾಧೀಶರ ಎಸ್ಟೇಟುಗಳ ಮುಂದೆ ಹಾದು ಹೋಗುವಾಗ ಯಾರ ಅಪ್ಪಣೆಯನ್ನೂ ಕೇಳಬೇಕಾಗಿಲ್ಲ. ಮೊಮ್ಮಗನಿಗೆ ಈ ವಿಷಯ ಕೋರ್ಟಿನ ತೀರ್ಪಿಗಿಂತ ಚೆನ್ನಾಗಿ ಅರ್ಥವಾಯಿತು.

ಹಾಗಾದರೆ ಬೆಲೆ ಯಾವುದಕ್ಕೆ? ದಡಕ್ಕೆ. ದಡದಿಂದ ಹೊಳೆಗೆ ಇಳಿಯುವ ಆ ನಾಲ್ಕು ಹೆಜ್ಜೆಗೆ.

ಕಾಗದಗಳಲ್ಲಿ ಇನ್ನೊಂದು ದಸ್ತಾವೇಜು ಇತ್ತು. ನಾವು ಸಾಲ ಕೊಡುವ ಮೊದಲು ಋಣಭಾರ ಪತ್ರ, ಅದೇ ಇ.ಸಿ., ತರಿಸುತ್ತಿದ್ದೆವಲ್ಲ, ಅದರಲ್ಲಿ ಏನಾದರೂ ಭಾರ ಕಂಡರೆ ಆಸ್ತಿಯ ಬೆಲೆ ಇಳಿಯಿತು ಎಂದೇ ಲೆಕ್ಕ. ಈ ತಾಯಿ ತಮ್ಮ ಆಸ್ತಿಯ ಮೇಲೆ ತಾವೇ ಭಾರ ಹೇರಿಕೊಂಡಿದ್ದರು! ನಿಸರ್ಗ ಕಾಯುವ ಒಂದು ಟ್ರಸ್ಟಿಗೆ ಬರೆದುಕೊಟ್ಟ ಹಕ್ಕುಪತ್ರ ಅದು. ಜಾಗವನ್ನು ಸೈಟುಗಳಾಗಿ ತುಂಡು ಮಾಡುವಂತಿಲ್ಲ. ದಡದ ಮರ ಕಡಿಯುವಂತಿಲ್ಲ. ತಾನಾಗಿ ಹೊಳೆಗೆ ಬಿದ್ದ ಮರವನ್ನೂ ಎಳೆಯುವಂತಿಲ್ಲ, ಯಾಕೆಂದರೆ ಅದರ ನೆರಳಲ್ಲಿ ಮೀನು ಅಡಗುತ್ತದೆ. ಊರಿನ ಮಕ್ಕಳು ಹೊಳೆಗೆ ಹೋಗುವ ಒಂದು ಕಾಲುದಾರಿಯನ್ನು ಮುಚ್ಚುವಂತಿಲ್ಲ. ಕೊಂಡವರು, ಅವರಿಂದ ಕೊಂಡವರು, ಎಲ್ಲರೂ ಇದಕ್ಕೆ ಬದ್ಧರು.

"ಇದರಿಂದ ನಿಮಗೆ ಬೆಲೆ ಕಡಿಮೆ ಬರುತ್ತದಲ್ಲ?" ಎಂದು ಕೇಳಿದೆ.

"ಬರುತ್ತದೆ" ಅಂದರು. ಆಮೇಲೆ ಚಹಾ ಕುಡಿಯುತ್ತೀರಾ ಎಂದು ಕೇಳಿದರು.

ಆ ಭಾಗದಲ್ಲಿ ಇದಕ್ಕೆ ಹಳೆಯ ಮೇಲ್ಪಂಕ್ತಿಗಳಿವೆ. ಜಾರ್ಜ್ ಮೇಸನ್ ಎಂಬ ಮೋಟಾರು ಉದ್ಯಮಿ 1954ರಲ್ಲಿ ತೀರಿಕೊಂಡಾಗ ಇದೇ ನದಿಯ ದಕ್ಷಿಣ ಕವಲಿನ ದಂಡೆಯ ಸುಮಾರು 1,500 ಎಕರೆಯನ್ನು ರಾಜ್ಯಕ್ಕೆ ಬರೆದಿಟ್ಟಿದ್ದರು, ಎಂದೂ ಮಾರಕೂಡದು ಎಂಬ ಷರತ್ತಿನೊಂದಿಗೆ. ಈಗ ಅದು 4,000 ಎಕರೆ ದಾಟಿದೆ. ಹೊಳೆ ಕಾಯಲು ಸಂಘ ಬೇಕೆಂದು ಅವರು ಗೆಳೆಯ ಜಾರ್ಜ್ ಗ್ರಿಫಿತ್ ಹತ್ತಿರ ಹೇಳುತ್ತಿದ್ದರಂತೆ. 1959ರಲ್ಲಿ ಗ್ರಿಫಿತ್ ಅವರ ಹೊಳೆದಡದ ಮನೆಯಲ್ಲಿ 16 ಜನ ಸೇರಿ 'ಟ್ರೌಟ್ ಅನ್‌ಲಿಮಿಟೆಡ್' ಕಟ್ಟಿದರು. ಇವತ್ತು ಅದು ದೇಶವ್ಯಾಪಿ ಸಂಸ್ಥೆ. ಊರಿನ ಪಕ್ಕದಲ್ಲೇ ಹಾರ್ಟ್‌ವಿಕ್ ಪೈನ್ಸ್ ಎಂಬ ಕಾಡಿದೆ. ಕೊಡಲಿಗೆ ಸಿಗದೆ ಉಳಿದ ಮುದಿ ಪೈನ್ ಮರಗಳಿರುವುದು ಅಲ್ಲಿ 49 ಎಕರೆಯಲ್ಲಿ ಮಾತ್ರ. ಅದನ್ನೂ ಒಬ್ಬ ಹೆಣ್ಣುಮಗಳು 1927ರಲ್ಲಿ ಗಂಡನ ನೆನಪಿಗೆ ಕೊಟ್ಟದ್ದು.

ಚಹಾ ಕುಡಿಯುತ್ತ ನಾನು ಸುಮ್ಮನಾದೆ. ಮಗ "ಯಾಕಪ್ಪ, ಸುಸ್ತಾಯ್ತಾ?" ಅಂದ. ಸುಸ್ತಲ್ಲ.

ತೀರ್ಥಹಳ್ಳಿ ಕಡೆಯ ನಮ್ಮ ತೋಟ ತುಂಗಾ ನದಿಯ ದಡದಲ್ಲಿತ್ತು. ಅಪ್ಪ ತೀರಿಕೊಂಡ ಮೇಲೆ, 1987ರಲ್ಲಿ, ಹಿರಿಯ ಮಗನಾದ ನಾನೇ ಮುಂದೆ ನಿಂತು ಮಾರಿದೆ. ನನಗೆ ಬಯಲುಸೀಮೆಯಲ್ಲಿ ಕೆಲಸ, ತಮ್ಮಂದಿರಿಗೆ ಬೆಂಗಳೂರು. ಪತ್ರ ಬರಹಗಾರರು ಚಕ್ಕುಬಂದಿ ಬರೆದರು: ಪೂರ್ವಕ್ಕೆ ತುಂಗಾ ಹೊಳೆ, ಪಶ್ಚಿಮಕ್ಕೆ ಸರ್ಕಾರಿ ರಸ್ತೆ, ಉತ್ತರಕ್ಕೆ ಇಂಥವರ ಜಮೀನು, ದಕ್ಷಿಣಕ್ಕೆ ಹಳ್ಳ. ಬರೆದು ಪೆನ್ನು ಎತ್ತಿ ಕೇಳಿದರು. "ನಿಮ್ಮ ತೋಟದೊಳಗೆ ನಾಲ್ಕೈದು ಮನೆಯವರು ಹೊಳೆಗೆ ಓಡಾಡುವ ಕಾಲುದಾರಿ ಇದೆಯಲ್ಲ, ಅದರ ಬಗ್ಗೆ ಒಂದು ಸಾಲು ಹಾಕಬೇಕಾ?"

"ಬೇಡ, ಗಿರಾಕಿ ಹಿಂಜರಿದಾನು" ಅಂದೆ. ದಾರಿ ಹಕ್ಕು ಎಂದರೆ ಏನೆಂದು ತಿಳಿಯದವನಾಗಿದ್ದರೆ ಬೇರೆ ಮಾತು. ಬಿ.ಕಾಂ. ಓದುವಾಗ ಪರೀಕ್ಷೆಗೆ ಬರೆದಿದ್ದೆ, ಬ್ಯಾಂಕಿನಲ್ಲಿ ದಿನಾ ನೋಡುತ್ತಿದ್ದೆ.

ಮೂರು ವರ್ಷದಲ್ಲಿ ತಂತಿಬೇಲಿ ಬಂತು, ಕಬ್ಬಿಣದ ಗೇಟಿಗೆ ಬೀಗ ಬಿತ್ತು. ಕೊಂಡವರದು ತಪ್ಪಲ್ಲ, ಪತ್ರದಲ್ಲಿ ಇಲ್ಲದ್ದನ್ನು ಅವರು ಯಾಕೆ ಬಿಡಬೇಕು? ಬಟ್ಟೆ ಒಗೆಯಲು, ಮೀಯಲು ಹೋಗುತ್ತಿದ್ದ ಹೆಂಗಸರು ಎರಡು ಕಿಲೋಮೀಟರ್ ಸುತ್ತಬೇಕಾಯಿತು. ಅದೇ ಊರಿಗೆ ಮದುವೆಯಾಗಿ ಹೋಗಿದ್ದ ನಮ್ಮಕ್ಕ ಒಂದೇ ಮಾತು ಹೇಳಿದಳು: "ಹೊಳೆ ಮಾರಿ ಬಂದ್ಯಲ್ಲ ಮಾರಾಯ." ಹೊಳೆ ಯಾರೂ ಮಾರುವುದಕ್ಕೆ ಆಗುವುದಿಲ್ಲ ಅಕ್ಕ, ಅದು ಸರ್ಕಾರದ್ದು ಎಂದು ನಾನು ಕಾನೂನು ಹೇಳಿದೆ. ಅವಳು ಕೇಳಿಸಿಕೊಂಡ ಹಾಗೆ ಕಾಣಲಿಲ್ಲ. ಅದಾದ ಮೇಲೆ ಅವಳು ಹೊಳೆಗೇ ಹೋಗಲಿಲ್ಲ.

ಅವತ್ತು ರಾತ್ರಿ ಮಗನ ಮನೆಯಿಂದ ಅಕ್ಕನಿಗೆ ಫೋನ್ ಮಾಡಿ ಲಾಡ್ಜಿನ ಕಥೆಯೆಲ್ಲ ಹೇಳಿದೆ. ದಿಮ್ಮಿ, ಕೋರ್ಟು, ದೋಣಿ ಓಟ, ಆ ಮುದುಕಿ ಬರೆದಿಟ್ಟ ಕಾಲುದಾರಿ. ಅಕ್ಕನಿಗೆ ಈಗ ಎಂಬತ್ತೊಂದು. ಪೂರ್ತಿ ಕೇಳಿ ಒಂದೇ ಪ್ರಶ್ನೆ ಹಾಕಿದಳು. "ಅಂದ್ರೆ ನೀರಿನ ಕಡೆಯಿಂದ ಬಂದ್ರೆ ಯಾರೂ ಎಂಥದೂ ಹೇಳೂಕಾಗ್ದಾ?"

"ಅಲ್ಲಿ ಹಾಗೆ" ಅಂದೆ.

"ಇಲ್ಲೂ ಹೊಳೆ ಸರ್ಕಾರದ್ದು ಅಂತ ನೀನೇ ಹೇಳಿದ್ದಲ್ಲ."

ಮಳೆಗಾಲ ಮುಗಿದು ಹೊಳೆ ಇಳಿದ ಮೇಲೆ, ಡಿಸೆಂಬರಿನಲ್ಲಿ, ಮೇಲಿನ ಕಡವಿನಿಂದ ಒಂದು ದೋಣಿ ಗೊತ್ತು ಮಾಡಿದೆವು. ದೋಣಿಯವನು ಅಕ್ಕನನ್ನು ಮಗುವಿನ ಹಾಗೆ ಎತ್ತಿ ಕೂರಿಸಿದ. ಹದಿನೈದು ನಿಮಿಷದ ದಾರಿ. ತಂತಿಬೇಲಿ ದಡದ ಮೇಲಿತ್ತು. ಅಪ್ಪ ಕಟ್ಟಿಸಿದ ಕಲ್ಲಿನ ಮೆಟ್ಟಿಲಿನ ಕೊನೆಯ ಎರಡು ನೀರೊಳಗೇ ಇದ್ದವು. ಅವು ಯಾರ ಹಿಡುವಳಿಗೆ ಸೇರುತ್ತವೆ ಎಂಬುದನ್ನು ಸರ್ವೆಯವರು ಹೇಳಬೇಕು. ಬಟ್ಟೆ ಒಗೆಯುವ ಕಲ್ಲು ಇದ್ದಲ್ಲೇ ಇತ್ತು, ಪಾಚಿ ಹಿಡಿದು.

ದೋಣಿಯನ್ನು ಮೆಟ್ಟಿಲಿಗೆ ತಾಗಿಸಿ ನಿಲ್ಲಿಸಿದ. ಅಕ್ಕ ಮೇಲಿನ ತೋಟದ ಕಡೆ ನೋಡಲೇ ಇಲ್ಲ. ದೋಣಿಯಲ್ಲಿ ಕೂತೇ ಬಗ್ಗಿ, ಕೈ ನೀರಿಗೆ ಬಿಟ್ಟು, ಆ ಕಲ್ಲಿನ ಮೇಲಿನ ಪಾಚಿಯನ್ನು ಬೆರಳಿನಲ್ಲಿ ಉಜ್ಜತೊಡಗಿದಳು. ಆಮೇಲೆ ಸೆರಗಿನ ಗಂಟಿನಿಂದ ಮಂಡಕ್ಕಿ ತೆಗೆದು ನೀರಿಗೆ ಹಾಕಿದಳು. ಸ್ವಲ್ಪ ಹೊತ್ತು ಏನೂ ಬರಲಿಲ್ಲ. ನಂತರ ಒಂದು ಬಂತು.